ಬರ್ಫದ ಹಾಕಿಗೆ ಪಣ

ರೈಲ್ವೆ ಗುಮಾಸ್ತ ಯಜ್ಞೇಶ್ವರ ಕಾಕಾ ಬರ್ಫವನ್ನು ಕಂಡದ್ದು ಶರಬತ್ತಿನ ಗ್ಲಾಸಿನಲ್ಲಿ ಮಾತ್ರ. ಆದರೂ ಕೆನಡಾದಲ್ಲಿ ಪಗಾರ ಪಡೆದು ಬರ್ಫದ ಮೇಲೆ ಹಾಕಿ ಆಟ ಆಡುವವರನ್ನು ಅವರಷ್ಟು ಬಲ್ಲವರು ಹುಬ್ಬಳ್ಳಿಯಲ್ಲಿ ಇನ್ನೊಬ್ಬರಿಲ್ಲ. ಊರಿನಲ್ಲಿರುವ ಕೆನಡಾದ ಸಾಹೇಬರೊಬ್ಬರಿಗೆ ಹಡಗಿನಲ್ಲಿ ಬರುವ ಪತ್ರಿಕೆ, ಅವರು ಓದಿದ ಮೇಲೆ ಕಾಕಾರ ಕೈಸೇರುತ್ತದೆ. ಅದನ್ನು ಬಿಚ್ಚದೆ ಸ್ಟೇಶನ್ನಿನ ಎದುರಿನ ಚಹಾದಂಗಡಿಗೆ ತಂದು, ಅದರ ಮೇಲೆ ತಮ್ಮ ಕರಿ ಟೊಪ್ಪಿಗೆಯಿಟ್ಟು, ಹೊಸಬರನ್ನು ಕರೆಯುತ್ತಾರೆ: "ಬರ್ರಿ, ಶರ್ತ ಕಟ್ರಿ! ಟೊರಾಂಟೊನೋ, ಮಾಂಟ್ರಿಯಲ್ಲೋ? ಸೋತಾವ್ರು ಭಜಿ ತಿನ್ನಸಬೇಕು. ಹೆಸರು ಛಲೋ ಐತಿ ಅಂತ ಮರುಳಾಗಬ್ಯಾಡ್ರಿ, ಗೋಲು ಕಾಯಾಂವ ಯಾಂವ ಗಟ್ಟಿ ಅದಾನ ನೋಡ್ರಿ." ಪಣ ಕಟ್ಟಿಯಾದ ಮೇಲೆಯೇ ಟೊಪ್ಪಿಗೆ ಏಳುತ್ತದೆ, ಪತ್ರಿಕೆ ಬಿಚ್ಚಿಕೊಳ್ಳುತ್ತದೆ. "ಕಾಕಾ, ಆ ಆಟ ಮುಗದು ತಿಂಗಳಗಟ್ಟಲೆ ಆತಲ್ರಿ!" ಎಂದು ಯಾರಾದರೂ ನಕ್ಕರೆ ಅವರದು ಒಂದೇ ಉತ್ತರ: "ಸುದ್ದಿ ಬರೂತನಕ ಯಾರೂ ಸೋತಿಲ್ರಿ." ಅಂಗಡಿಗೆಲ್ಲ ಆ ಮಾತು ಬಾಯಿಪಾಠ. ಯುದ್ಧದಲ್ಲಿ ಸಿಂಗಾಪುರ ಜಪಾನಿಗಳ ಕೈಗೆ ಹೋದಂದಿನಿಂದ, ಅಲ್ಲಿ ಸೈನ್ಯದಲ್ಲಿದ್ದ ಕಾಕಾರ ಮಗ ಏಕನಾಥನ ಸುಳಿವಿಲ್ಲ. ಮೊನ್ನೆ ಊರಿಗೆ ಹೊಸಬರೊಬ್ಬರು ತಿಳಿಯದೆ, "ಮಗ ಹೆಂಗದಾನ್ರಿ?" ಎಂದು ಕೇಳಿಬಿಟ್ಟರು. ಕಾಕಾ ಪತ್ರಿಕೆಯ ಮೇಲಿನ ಟೊಪ್ಪಿಗೆಯನ್ನು ಅಂಗೈಯಿಂದ ಮೆಲ್ಲಗೆ ಅದುಮಿ, ಪಣ ಕಟ್ಟಿಸುವ ಅದೇ ದನಿಯಲ್ಲಿ ಅಂದರು: "ಸುದ್ದಿ ಇನ್ನೂ ಬಂದಿಲ್ರಿ."