ಟ್ಯಾಂಕ್ ತುಂಬಿಸಿದ ಭಾನುವಾರ

ಕಾರಿನ ಗಾಜು ಇಳಿಸಲು ಹಿಡಿ ತಿರುಗಿಸಬೇಕಿದ್ದ ಕಾಲವದು, ತೊಂಬತ್ತರ ದಶಕ. ನಾವು ಧಾರವಾಡ ಬಿಟ್ಟು ಸೂರತ್ತಿನಲ್ಲಿದ್ದೆವು. ಅಪ್ಪ ಅಂಕಲೇಶ್ವರದ ಕಾರ್ಖಾನೆಯಲ್ಲಿ ಎಂಜಿನಿಯರ್. ಅಮ್ಮನ ಬ್ಯಾಂಕು ಇನ್ನೂ ಮುಂದೆ, ನರ್ಮದೆ ದಾಟಿದ ಮೇಲೆ ಭರೂಚಿನಲ್ಲಿ. ಅವಳು ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದಳು. ಅದಕ್ಕೆ ಅಲ್ಲಿನವರು ‘ಅಪ್‌ಡೌನ್’ ಎನ್ನುತ್ತಾರೆ. ಗಂಡಸರು ಇಸ್ಪೀಟು ಆಡುತ್ತಿದ್ದರೆ ಹೆಂಗಸರು ಸಂಜೆ ರೈಲಿನಲ್ಲೇ ರಾತ್ರಿಯ ತರಕಾರಿ ಸೋಸಿಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಅಮ್ಮನ ಚೀಲ ತೆರೆದರೆ ಹಸಿ ತೊಗರಿಯ ವಾಸನೆ. ಅರ್ಧ ಕಾಳು ಎದುರು ಸೀಟಿನ ಕೋಕಿಲಾಬೆನ್ ಬಿಡಿಸಿಕೊಟ್ಟದ್ದು.

ಒಂದು ಚಳಿಗಾಲ ಅಮ್ಮ ಪ್ಲಾಟ್‌ಫಾರ್ಮಿನಲ್ಲಿ ತಲೆ ಸುತ್ತಿ ಬಿದ್ದಳು. ಅಪ್ಪ ಆಗಷ್ಟೇ ಒಂದು ಹಳೆಯ ಕಾರು ಕೊಂಡಿದ್ದ.

“ರೈಲು ಸಾಕು. ನಾನ ಕಾರಿನ್ಯಾಗ ಬಿಟ್ಟು ಬರ್ತೀನಿ. ಪೆಟ್ರೋಲ್ ಲೆಕ್ಕ ಕೂಡಲಿಲ್ಲಂದ್ರ ನೌಕರಿ ಬಿಡು,” ಎಂದ.

“ನನಗ ರೈಲ ಚಲೋ ಅದ,” ಎಂದಳು ಅಮ್ಮ. ಅಪ್ಪನಿಗೆ ಕೇಳಿಸಿತೋ ಇಲ್ಲವೋ.

ಶನಿವಾರ ಅವಳು ನನ್ನನ್ನೂ ರೈಲಿಗೆ ಕರೆದೊಯ್ದಳು. ಸುದ್ದಿ ಕೇಳಿದ ಕೋಕಿಲಾಬೆನ್ ನಗುತ್ತ ಹಿಂದಿಯಲ್ಲಿ ಕೇಳಿದಳು, “ಶೈಲಾಬೆನ್, ಕಾರ್ ಮೇ ಗಪ್ಪಾ ಕಿಸ್ಕೆ ಸಾಥ್ ಮಾರೋಗಿ?” ಕಾರಿನಲ್ಲಿ ಯಾರ ಜತೆ ಹರಟೆ ಹೊಡೀತಿ ಎಂದು. ಅಮ್ಮ ನನ್ನ ಕಡೆ ಬೆರಳು ತೋರಿಸಿದಳು. ಬೋಗಿಯಲ್ಲಿದ್ದವರೆಲ್ಲ ನಕ್ಕರು.

ಮರುದಿನ ಭಾನುವಾರ, ಕಾರಿನ ಪರೀಕ್ಷೆ. ಅಪ್ಪ ಪೆಟ್ರೋಲ್ ಬಂಕಿನಲ್ಲಿ ಕಾರನ್ನು ಹಿಡಿದು ಅಲುಗಾಡಿಸಿದ. ಗಾಳಿ ಹೋಗಿ ಟ್ಯಾಂಕ್ ಬಾಯಿಮಟ ತುಂಬಬೇಕು. ಭರೂಚಿಗೆ ಹೋಗಿ ಬಂದು ಮತ್ತೆ ಅಲ್ಲೇ ತುಂಬಿಸಿದರೆ ಎಷ್ಟು ಕುಡಿಯಿತೆಂದು ತಿಳಿಯುತ್ತದೆ. ಕಿಟಕಿ ತೆಗೆಯುವಂತಿಲ್ಲ, ವೇಗ ಹೆಚ್ಚಿಸುವಂತಿಲ್ಲ. ಲಾರಿಗಳೆಲ್ಲ ನಮ್ಮನ್ನು ಹಿಂದೆ ಹಾಕಿ ಹೋದವು. ಅಮ್ಮ ಮಡಿಲಲ್ಲಿ ತೊಗರಿಕಾಯಿ ಇಟ್ಟುಕೊಂಡಿದ್ದಳು.

“ಇದರ ಭಾರಕ್ಕೂ ಪೆಟ್ರೋಲ್ ಹತ್ತತದೇನ್ರೀ?”

“ಹತ್ತತದ,” ಎಂದ ಅಪ್ಪ. ನಗಲಿಲ್ಲ.

ನರ್ಮದೆಯ ಸೇತುವೆ ಮೇಲೆ ಲಾರಿಗಳ ಸಾಲು ನಿಂತೇಬಿಟ್ಟಿತ್ತು. ಅಪ್ಪ ಎಂಜಿನ್ ಆರಿಸಿದ, ಮುಂದಿನ ಲಾರಿ ಅಲುಗಿದಾಗ ಹಚ್ಚಿದ, ಮತ್ತೆ ಆರಿಸಿದ. ಮುಚ್ಚಿದ ಗಾಜಿನೊಳಗೂ ಹೊಗೆ. ದೂರದ ರೈಲು ಸೇತುವೆಯ ಮೇಲೆ ಒಂದು ಗಾಡಿ ನಿಲ್ಲದೆ ದಾಟಿತು.

“ಅದು ನನ್ನ ಗಾಡಿ,” ಎಂದಳು ಅಮ್ಮ.

ಇದು ನಡೆದಿತ್ತೆಂದು ನಾನು ಪ್ರಮಾಣ ಮಾಡಲಾರೆ. ಯೂನಿವರ್ಸಿಟಿಯಲ್ಲಿದ್ದಾಗ ಭೂಪಟ ಹರವಿ ನೋಡಿದ್ದೇನೆ. ಎರಡು ಸೇತುವೆಗಳ ನಡುವೆ ಸಾಕಷ್ಟು ದೂರವಿದೆ. ಆ ಹೊಗೆಯಲ್ಲಿ ರೈಲು ಹೇಗೆ ಕಂಡೀತು? ಆದರೆ ಅವಳ ಬೆರಳು ತೊಗರಿಸಿಪ್ಪೆಯ ಮೇಲೆ ತಡೆದು ನಿಂತದ್ದು ಕಣ್ಣಿಗೆ ಕಟ್ಟಿದೆ.

ಸಂಜೆ ಬಂಕಿನಲ್ಲಿ ಮೀಟರ್ ಓಡುತ್ತಲೇ ಇತ್ತು. ಅಪ್ಪ ಅದನ್ನೇ ನೋಡುತ್ತ ನಿಂತ.

“ಇನ್ನೊಂದ್ ಸಲ ನೋಡೂಣು. ಇವತ್ತ ಜಾಮ್ ಆಗಿತ್ತು.”

“ಜಾಮ್ ದಿನಾ ಆಗತದರೀ,” ಎಂದಳು ಅಮ್ಮ. ಮಡಿಲಿನ ಸಿಪ್ಪೆ ಕೊಡವಿ, “ರಾಜೀನಾಮೆ ಕೊಡ್ತೀನಿ. ಹಾಲು ತಗೊಂಡ ಹೋಗೂಣು, ಮನ್ಯಾಗ ಇಲ್ಲ.”

ಹಾಲು ತೆಗೆದುಕೊಂಡೆವು. ಯಾರೂ ಅಳಲಿಲ್ಲ. ಅಮ್ಮ ಮನೆಯಲ್ಲುಳಿದಳು. ಶಾಲೆಯಿಂದ ಬಂದಾಗ ಬಿಸಿ ಉಪ್ಪಿಟ್ಟು ಸಿಗುತ್ತಿತ್ತು.

ಈಗ ನನ್ನ ಕಾರು ಮೈಲೇಜನ್ನು ತಾನೇ ತೋರಿಸುತ್ತದೆ. ನರ್ಮದೆಗೆ ಹೊಸ ಸೇತುವೆಯಾಗಿದೆ, ನಿಲ್ಲದೆ ದಾಟುತ್ತೇನೆ. ಕಳೆದ ಸಲ ಅಮ್ಮ ಪಕ್ಕದಲ್ಲಿದ್ದಾಗ ಅಂದು ಸೇತುವೆಯಿಂದ ಕಂಡ ಆ ರೈಲಿನ ಬಗ್ಗೆ ಕೇಳಿದೆ.

“ಐತವಾರ ನನ್ನ ಗಾಡಿ ಎಲ್ಲಿಂದ ಬರಬೇಕೋ?” ಎಂದಳು.

“ಕೋಕಿಲಾಬೆನ್ ಆಮೇಲೆ ಸಿಕ್ಕಿದ್ರೇನು?”

“ಇಲ್ಲ. ಆಕಿ ಮನಿ ಎಲ್ಲಿ ಅಂತ ನಾ ಕೇಳೇ ಇರಲಿಲ್ಲ. ದಿನಾ ರೈಲಿನ್ಯಾಗ ಸಿಗತಿದ್ಲಲ್ಲ.”