ಮಂಜಿಗೆ ಇನ್ನೊಂದು ಕೋಟ್

ನಿವೃತ್ತಿಯ ನಂತರ ನಾವಿಬ್ಬರೂ ಅಬುಧಾಬಿಯಲ್ಲಿ ಮಗಳ ಮನೆ ಸೇರಿದೆವು. ಟೂರಿಸ್ಟ್ ಕ್ಲಬ್ ಏರಿಯಾದ ಆ ಫ್ಲ್ಯಾಟಿನ ಬಾಲ್ಕನಿಯೇ ನನ್ನ ಯಜಮಾನರ ಶಿಪ್‌ಯಾರ್ಡ್. ಚಿಕ್ಕಂದಿನಲ್ಲಿ ನೋಡಿದ್ದ, ಮಂಗಳೂರು ಬಂದರಿನಿಂದ ಹೆಂಚು ತುಂಬಿಕೊಂಡು ಹೊರಡುತ್ತಿದ್ದ ಮಂಜಿ ಎಂಬ ಹಾಯಿಹಡಗುಗಳನ್ನು ಅವರು ಅಲ್ಲಿ ಮೊಣಕೈ ಉದ್ದದ ಮಾಡೆಲ್ ಮಾಡಿ ಕಟ್ಟುತ್ತಿದ್ದರು.

ಹಿಂದಿನ ವರ್ಷ ದುಬೈಯ ಮಾಡೆಲ್ ಸ್ಪರ್ಧೆಯಲ್ಲಿ ಜಡ್ಜ್ ಒಬ್ಬರು ಇವರ ಮಂಜಿಯನ್ನು ನೋಡಿ, "ನೈಸ್ ಟಾಯ್" ಎಂದಷ್ಟೇ ಹೇಳಿ ಮುಂದೆ ನಡೆದಿದ್ದರು. ಆ ಮಾತು ಇವರಿಗೆ ಗಂಟಲಲ್ಲಿ ಸಿಕ್ಕಿದ ಮುಳ್ಳು. ಹೊಸ ಮಂಜಿ ಗೆಲ್ಲಲೇಬೇಕು!

ಫಿನಿಶ್ ನೋಡುವ ಕೆಲಸ ನನ್ನದು. ಕಾನ್ವೆಂಟಿನಲ್ಲಿ ಎಂಬ್ರಾಯ್ಡರಿ ಕಲಿಸುತ್ತಿದ್ದ ಸಿಸ್ಟರ್ ಮರದ ಫ್ರೇಮಿನ ಮೇಲೆ ಮೊದಲು ರೇಷ್ಮೆ ಚೂರು ಎಳೆಯುತ್ತಿದ್ದರು. ಎಳೆ ಸಿಕ್ಕಿಕೊಂಡರೆ ಮರ ಇನ್ನೂ ಒರಟು. ನಾನೂ ಹಳೆಯ ರೇಷ್ಮೆ ಸೀರೆಯ ತುಂಡನ್ನು ಮಂಜಿಯ ಹೊಟ್ಟೆಯ ಮೇಲೆ ಎಳೆಯುತ್ತಿದ್ದೆ.

"ಇಲ್ಲಿ ಹಿಡೀತು ನೋಡಿ."

"ನಿನ್ನ ಸೀರೆಯೇ ಹರಿದದ್ದು ಮಾರಾಯ್ತಿ!"

"ಸೀರೆಗೆ ಬಯ್ಯಬೇಡಿ. ಸ್ಯಾಂಡ್‌ಪೇಪರ್ ತಗೊಳ್ಳಿ."

ಗೊಣಗುತ್ತಲೇ ಉಜ್ಜುವರು. ರೇಷ್ಮೆ ಸರಾಗವಾಗಿ ಜಾರುವ ತನಕ ನಾನು ಬಿಡುತ್ತಿರಲಿಲ್ಲ.

ಸ್ಪರ್ಧೆಯ ಹಿಂದಿನ ದಿನ ಅವರ ಧೈರ್ಯ ಕುಸಿಯಿತು. ತೆಳ್ಳಗೆ ವಾರ್ನಿಶ್ ಹಚ್ಚಿ ಆಗಿತ್ತು. ಆದರೂ ಡಬ್ಬಿ ತೆರೆದು ಕುಳಿತಿದ್ದರು.

"ಇನ್ನೊಂದು ಕೋಟ್ ಕೊಟ್ಟರೆ ಫಳಫಳ ಹೊಳೀತದೆ."

"ಹೊಳೆಯುವ ಮಂಜಿ ಎಲ್ಲಿ ನೋಡಿದ್ದು ನೀವು? ಅದಕ್ಕೆ ಹಚ್ಚುದು ಮೀನೆಣ್ಣೆ, ನೇಲ್ ಪಾಲಿಶ್ ಅಲ್ಲ. ಹೋದ ವರ್ಷ ಹಲಗೆ ನಡುವಿನ ಗೆರೆಯೆಲ್ಲ ವಾರ್ನಿಶಲ್ಲಿ ಮುಳುಗಿಸಿದ್ದು ನೆನಪುಂಟಲ್ಲ?"

"ಸೋತರೆ?"

"ನನ್ನ ತಲೆಗೆ ಕಟ್ಟಿ. ಈಗ ಡಬ್ಬಿ ಮುಚ್ಚಿ ಮಾರಾಯ್ರೆ, ಖಲಾಸ್!"

ಮುಚ್ಚಿದರು. ಮರುದಿನ ದುಬೈ ಬಸ್ಸಿನಲ್ಲಿ ಮಂಜಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು.

ಅದೇ ಜಡ್ಜ್ ಟಾರ್ಚ್ ಹಿಡಿದು ಬಂದರು. ಪಕ್ಕದ ಮೇಜಿನ ಮಿರಿಮಿರಿ ಯಾಟ್ ಮಾಡೆಲಿನ ಮೇಲೆ ಬೆಳಕು ಬಿದ್ದು ಕಣ್ಣಿಗೇ ಹೊಡೆಯಿತು. ನಮ್ಮದರ ಮೇಲೆ ಅದು ಹಲಗೆಯಿಂದ ಹಲಗೆಗೆ ಮೆಲ್ಲನೆ ಹರಿಯಿತು. ಜಡ್ಜ್ ಕನ್ನಡಕ ಸರಿಮಾಡಿಕೊಂಡು ನೆಲಕ್ಕೆ ಮಂಡಿಯೂರಿದರು. "ಐ ಕ್ಯಾನ್ ಕೌಂಟ್ ಎವ್ರಿ ಪ್ಲ್ಯಾಂಕ್," ಎಂದರು. ಇವರು ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದರು.

ಫಸ್ಟ್ ಪ್ರೈಜ್ ನಮಗೆ! ಸ್ಟೇಜಿಗೆ ಕರೆದರೆ ಇವರು ಕದಲಲಿಲ್ಲ.

"ಏಳು. ಫಿನಿಶಿಂಗ್ ಡಿಪಾರ್ಟ್‌ಮೆಂಟ್ ಬಾರದೆ ನಾನು ಹತ್ತುದಿಲ್ಲ."

"ನನ್ನ ಮಂಡಿನೋವು ಮರೆತಿರಾ?"

"ನನ್ನನ್ನು ಹಿಡ್ಕೋ."

ಸ್ಟೇಜಿನ ಮೇಲೆ ತೆಗೆದ ಫೋಟೋ ಈಗ ನನ್ನ ಮಂಚದ ಪಕ್ಕದಲ್ಲಿದೆ. ಅವರಿಲ್ಲ. ಫೋಟೋದಲ್ಲಿ ಅವರು ಕ್ಯಾಮೆರಾ ಬಿಟ್ಟು ನನ್ನನ್ನೇ ನೋಡುತ್ತಿದ್ದಾರೆ. ನಾನೋ, ಬಹುಮಾನದ ಕಪ್ಪನ್ನು ತಲೆಯ ಮೇಲಕ್ಕೆತ್ತಿ, ಹೊಸ ಹಲ್ಲುಸೆಟ್ ಪೂರ್ತಿ ಕಾಣುವಂತೆ ನಗುತ್ತಿದ್ದೇನೆ.