ಕರಿ ಮೆಷಿನ್, ಬೂದು ಮೆಷಿನ್

ಯಾರಾದರೂ ತಮ್ಮ ಕೈಗಡಿಯಾರದ ಕಂಪೆನಿಯನ್ನು ಹೊಗಳಲು ಶುರು ಮಾಡಿದರೆ ನನಗೆ ತಲೆ ತಿರುಗುತ್ತದೆ. ನಾನು ಕೇಳಿದ್ದು ಗಂಟೆ ಎಷ್ಟು ಎಂದು ಮಾತ್ರ. ಅವರು ಗಂಟೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತಾರೆ: ಅದು ಯಾವ ದೇಶದಿಂದ ಬಂತು, ಮಾವನವರು ಎಷ್ಟು ಹುಡುಕಿ ತಂದರು, ಬಾವಿಗೆ ಬಿದ್ದರೂ ಹೇಗೆ ನಿಲ್ಲದೆ ನಡೆಯಿತು. ಆಮೇಲೆ ನನ್ನ ಮಣಿಕಟ್ಟಿನ ಕಡೆ ಕರುಣೆಯ ಒಂದು ನೋಟ. ಕೊಂಡ ವಸ್ತುವಿನ ಮೇಲೆ ಮೋಹ ಹುಟ್ಟುವುದು ನನಗೆ ಅರ್ಥವಾಗುತ್ತದೆ. ಅದನ್ನು ಕೊಳ್ಳದವರ ಮೇಲೆ ತಾತ್ಸಾರ ಯಾಕೆ ಹುಟ್ಟಬೇಕು ಎಂಬುದು ಮಾತ್ರ ಇವತ್ತಿಗೂ ಹೊಳೆದಿಲ್ಲ.

ಈ ಗೊಂದಲ ಶುರುವಾದದ್ದು ಮಡಿಕೇರಿಯ ಒಂದು ಕಛೇರಿಯಲ್ಲಿ. ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲ ಮುಗಿದು, ಮೈಸೂರಿಗೆ ಸೇರಿದ ಹೊಸತು. ನಾನು ಸುಂಟಿಕೊಪ್ಪದ ಹುಡುಗಿ. ಟೈಪಿಂಗ್ ಕಲಿತು, ಮಡಿಕೇರಿಯ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು, ಆ ಕಛೇರಿಗೆ ಹಂಗಾಮಿ ಟೈಪಿಸ್ಟ್ ಆಗಿ ಸೇರಿದ್ದೆ. ಕೆಲಸ ಖಾಯಂ ಆದರೆ ಸರಿ, ಇಲ್ಲದಿದ್ದರೆ ಊರಿಗೆ ಬಂದು ಮದುವೆಗೆ ಒಪ್ಪಬೇಕು ಎಂದು ಅಪ್ಪ ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು. ವರನೂ ಸಿದ್ಧನಿದ್ದ. ಅವನ ಬಗ್ಗೆ ನನಗೆ ತಿಳಿದದ್ದು ಅವನ ಬಂದೂಕಿನ ಕಂಪೆನಿಯ ಹೆಸರು ಒಂದೇ. ಅದನ್ನೂ ಅವನ ಕಡೆಯವರು ನಾವು ಕೇಳದೆಯೇ ಹೇಳಿದ್ದರು.

ಕಛೇರಿಯಲ್ಲಿ ಎರಡು ಟೈಪ್‌ರೈಟರ್‌ಗಳಿದ್ದವು. ಎರಡೂ ಬೇರೆ ಬೇರೆ ಕಂಪೆನಿಯವು. ಹೆಸರು ಹೇಳಿದರೆ ಓದುವವರಲ್ಲೂ ಎರಡು ಪಂಗಡವಾದೀತೆಂಬ ಹೆದರಿಕೆಯಿಂದ, ಮೈಬಣ್ಣ ನೋಡಿ ಒಂದನ್ನು ಕರಿಯದು, ಇನ್ನೊಂದನ್ನು ಬೂದಿಯದು ಎಂದಷ್ಟೇ ಕರೆಯುತ್ತೇನೆ. ಕರಿಯದು ಮೊದಲಿನಿಂದಲೂ ಅಲ್ಲಿದ್ದದ್ದು. ಅದರ ಒಡೆಯರು ಹೆಡ್ ಟೈಪಿಸ್ಟ್ ಪೊನ್ನಪ್ಪನವರು. ಬೂದಿಯದು ಮೈಸೂರಿನಿಂದ ಬಂದದ್ದು. ಅದರ ಬೆನ್ನಿಗೇ ವರ್ಗವಾಗಿ ಬಂದವರು ಶ್ರೀಕಂಠಯ್ಯನವರು. ಉಳಿದ ಗುಮಾಸ್ತರಿಗೆ ಟೈಪಿಂಗ್ ಬರುತ್ತಿರಲಿಲ್ಲ. ಆದರೂ ಪ್ರತಿಯೊಬ್ಬರೂ ಒಂದೊಂದು ಕಡೆ ಸೇರಿಬಿಟ್ಟಿದ್ದರು. ಕರಿಯವರು ಒಂದು ಹೋಟೆಲಿನಲ್ಲಿ ಕಾಫಿ ಕುಡಿದರೆ ಬೂದಿಯವರು ಎದುರಿನ ಹೋಟೆಲಿನಲ್ಲಿ.

ಮೊದಲ ದಿನವೇ ಪೊನ್ನಪ್ಪನವರು ಕೇಳಿದರು. "ಎಂತಮ್ಮ, ನೀನು ಕಲ್ತದ್ದು ಯಾವುದ್ರಲ್ಲಿ?"

ನನ್ನ ಇನ್‌ಸ್ಟಿಟ್ಯೂಟಿನಲ್ಲಿದ್ದ ಮೆಷಿನ್ನಿನ ಹೆಸರು ಎಂದೋ ಅಳಿಸಿಹೋಗಿತ್ತು. ಹಾಗೆಂದೇ ಹೇಳಿದೆ. ಕುಲಗೋತ್ರ ತಿಳಿಯದವಳನ್ನು ನೋಡುವ ಹಾಗೆ ನೋಡಿದರು. ಶ್ರೀಕಂಠಯ್ಯನವರು ನಕ್ಕು, "ಹೋಗ್ಲಿ ಬಿಡಮ್ಮ, ನಮ್ಮದರ ಮೇಲೆ ಒಂದು ವಾರ ಕೂತ್ಕೋ. ಆಮೇಲೆ ಆ ಡಬ್ಬಾನ ನೀನೇ ಮುಟ್ಟೋಲ್ಲ" ಎಂದರು.

ನಾನು ಎರಡನ್ನೂ ಮುಟ್ಟಿದೆ. ಎರಡರಲ್ಲೂ ಅಕ್ಷರಗಳು ಅದೇ ಜಾಗದಲ್ಲಿದ್ದವು. ಎರಡರಲ್ಲೂ ಕಾರ್ಬನ್ ಹಾಳೆ ತಿರುಗುಮುರುಗಾಗಿ ಹಾಕಿದರೆ ನಕಲು ಹಿಂಬದಿಗೇ ಬೀಳುತ್ತಿತ್ತು. ಮಳೆಗಾಲದ ಥಂಡಿಗೆ ಎರಡೂ ಒಂದೇ ಥರ ಮುನಿಸಿಕೊಳ್ಳುತ್ತಿದ್ದವು. ಒಂದು ದಿನ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇ ಬಿಟ್ಟೆ. "ನನಗೆ ಎರಡೂ ಒಂದೇ ಸಾರ್."

ಅದುವರೆಗೆ ಪರಸ್ಪರ ಮುಖ ನೋಡದಿದ್ದ ಎರಡು ಪಂಗಡಗಳೂ ಅವತ್ತು ಮೊದಲ ಬಾರಿಗೆ ಒಂದಾದವು, ನನ್ನ ವಿರುದ್ಧ. "ಎರಡೂ ಒಂದೇ ಅಂತೆ!" ಎಂದು ಪೊನ್ನಪ್ಪನವರು ಶ್ರೀಕಂಠಯ್ಯನವರ ಕಡೆ ತಿರುಗಿ ಹೇಳಿದರು. "ಕೇಳಿದ್ರಾ ಮತ್ತೆ!" ಎಂದು ಅವರೂ ತಲೆಯಾಡಿಸಿದರು. ವೈರಿಯನ್ನು ಸಹಿಸಬಹುದು, ವೈರದಲ್ಲಿ ಅರ್ಥವಿಲ್ಲ ಎನ್ನುವವಳನ್ನು ಸಹಿಸುವುದು ಕಷ್ಟ.

ಸಂಜೆ ಚಿಕ್ಕಮ್ಮನಿಗೆ ಹೇಳಿದೆ. ಆಕೆ ಅಕ್ಕಿ ಆರಿಸುತ್ತ, "ಎರಡ್ರಲ್ಲೂ ಅದೇ ಅಕ್ಷರ ಬರ್ತದೆ ತಾನೆ? ಮತ್ತೆ ಎಂತಕೆ ಜಗಳ?" ಎಂದು ಕೇಳಿದಳು. ನನ್ನದೂ ಅದೇ ಪ್ರಶ್ನೆ. ದೇವಸ್ಥಾನದ ಆನೆಗೆ ಯಾವ ಆಕಾರದ ನಾಮ ಹಚ್ಚಬೇಕೆಂದು ಎರಡು ಪಂಗಡದವರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರೆಂಬ ಕತೆಯೊಂದಿದೆ. ಕೇಳಿದವರೆಲ್ಲ ನಗುತ್ತಾರೆ. ನಾನು ಮಾತ್ರ ಆಮೇಲೆ ನಗಲಿಲ್ಲ. ಎರಡು ನಾಮಗಳ ನಡುವೆ ಆನೆಯ ಸ್ಥಿತಿ ಹೇಗಿರುತ್ತದೆಂದು ನನಗೆ ಗೊತ್ತಾಗಿತ್ತು.

ಕೆಲಸ ಖಾಯಂ ಮಾಡುವ ಮೊದಲು ಸಾಹೇಬರ ಎದುರು ಒಂದು ಪರೀಕ್ಷೆ ಕೊಡಬೇಕಿತ್ತು. ಸಾಹೇಬರು ಕಂಪೆನಿಗಳ ಗೊಡವೆಯಿಲ್ಲದ ಮನುಷ್ಯ. ಟೈಪ್ ಮಾಡಬೇಕಾದ ಹಾಳೆ ಕೊಟ್ಟು, "ಯಾವ ಮೆಷಿನ್ ಬೇಕಮ್ಮ?" ಎಂದು ಸಹಜವಾಗಿ ಕೇಳಿದರು. ಎರಡೂ ಪಂಗಡದವರು ಕತ್ತು ಚಾಚಿದರು. ಕರಿಯದೆಂದರೆ ಶ್ರೀಕಂಠಯ್ಯನವರು ಮುಖ ತಿರುಗಿಸುತ್ತಾರೆ, ಬೂದಿಯದೆಂದರೆ ಪೊನ್ನಪ್ಪನವರು ನೊಂದುಕೊಳ್ಳುತ್ತಾರೆ. ನನ್ನ ಬೆನ್ನ ಹಿಂದೆ ಬಂದೂಕು ಹಿಡಿದ ವರ ನಿಂತಿದ್ದಾನೆ. ಇದ್ದ ಬುದ್ಧಿಯನ್ನೆಲ್ಲ ಕೂಡಿಸಿ, "ಯಾವುದರ ರಿಬ್ಬನ್ ಹೊಸದೋ ಅದು ಸಾರ್" ಎಂದೆ.

ಹೊಸ ರಿಬ್ಬನ್ ಇದ್ದದ್ದು ಬೂದಿಯದರಲ್ಲಿ. ಶ್ರೀಕಂಠಯ್ಯನವರ ಮುಖ ಅರಳಿತು. ಪೊನ್ನಪ್ಪನವರು ಎದ್ದರು, ಬೀರು ತೆರೆದರು, ಒಂದು ಹೊಸ ರಿಬ್ಬನ್ ತೆಗೆದು ಕರಿಯದಕ್ಕೆ ಸುತ್ತಿ ಕೂತರು. ನನ್ನ ಜಾಣತನದ ಬಾಗಿಲು ಅಲ್ಲಿಗೆ ಮುಚ್ಚಿತು. ಸಾಹೇಬರಿಗೆ ಬೇಸರ ಬಂದು, "ಅರ್ಧ ಅದರಲ್ಲಿ, ಅರ್ಧ ಇದರಲ್ಲಿ ಹೊಡೀರಿ" ಎಂದರು.

ಹಾಗೆಯೇ ಮಾಡಿದೆ. ಎರಡು ಕಡೆಯೂ ತಪ್ಪುಗಳಾದವು. ಹಾಳೆ ಕೈಯಿಂದ ಕೈಗೆ ಹೋಯಿತು. ಬೂದಿಯದರ ಕೀಲಿ ಬಿಗಿ, ಅದಕ್ಕೇ ಹುಡುಗಿ ತಪ್ಪಿದಳು ಎಂದು ಕರಿಯವರು. ಕರಿಯದರಲ್ಲಿ ಅಕ್ಷರ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತದೆ, ಅದಕ್ಕೇ ತಪ್ಪಿದಳು ಎಂದು ಬೂದಿಯವರು. ನನಗೆ ಟೈಪಿಂಗ್ ಸರಿಯಾಗಿ ಬರುವುದಿಲ್ಲವೇನೋ ಎಂಬ ಸಂಶಯ ಒಬ್ಬರಿಗೂ ಬರಲಿಲ್ಲ. ವಾದದ ಮಧ್ಯೆ ನಾನು ಸಣ್ಣ ದನಿಯಲ್ಲಿ, "ಸಾರ್, ನನ್ನ ಕೆಲಸ?" ಎಂದೆ. ಸಾಹೇಬರು ಮರೆತದ್ದು ನೆನಪಾದವರಂತೆ, "ಹೌದಲ್ಲ! ಆಯ್ತು, ಆಯ್ತು" ಎಂದು ರುಜು ಹಾಕಿದರು.

ಕೆಲಸ ಉಳಿಯಿತು, ಧೈರ್ಯವೂ ಬಂತು. ಒಂದು ಮಧ್ಯಾಹ್ನ ಪೊನ್ನಪ್ಪನವರನ್ನು ನೇರವಾಗಿ ಕೇಳಿದೆ, ಅದರಲ್ಲಿ ಅಂಥದ್ದೇನಿದೆ ಎಂದು. ಅವರು ಕಿಟಕಿಯಾಚೆ ಮಂಜು ನೋಡುತ್ತ ಹೇಳಿದರು. "ಮೊದ್ಲು ಇಲ್ಲಿಂದ ಹುಕುಂ ಹೋಗ್ತಿತ್ತಮ್ಮ. ಎಲ್ಲ ಇದ್ರಲ್ಲೇ ಹೊಡ್ದದ್ದು, ನಾನೇ. ಈಗ ಮೈಸೂರಿಂದ ಕಾಗದ ಬರ್ತದೆ, ತಲುಪಿದೆ ಅಂತ ಹೊಡ್ದು ಕಳಿಸ್ತೇನೆ. ಅಷ್ಟೇ."

ಶ್ರೀಕಂಠಯ್ಯನವರನ್ನೂ ಕೇಳಿದೆ. ಅವರ ಸಂಸಾರ ಮೈಸೂರಿನಲ್ಲೇ ಇತ್ತು. ಬಾಡಿಗೆ ಕೋಣೆಯಲ್ಲಿ ಒಬ್ಬರೇ ಅನ್ನ ಬೇಯಿಸಿಕೊಂಡು, ಒಣಗದ ಪಂಚೆಯನ್ನು ಒಲೆಯ ಮೇಲೆ ಹಿಡಿದು ದಿನ ಕಳೆಯುತ್ತಿದ್ದರು. "ಇಲ್ಲಿ ಮಳೆ ನಂದಲ್ಲ, ಚಳಿ ನಂದಲ್ಲ, ಸಾರಿನ ರುಚಿಯೂ ನಂದಲ್ಲ. ನಮ್ಮೂರಿನದು ಅಂತ ಇರೋದು ಇದೊಂದೇ ಕಣಮ್ಮ" ಎಂದರು.

ಇಬ್ಬರದೂ ಅರ್ಥವಾಯಿತು. ಹಾಗೆ ಅರ್ಥವಾದ ಮೇಲೆ ಗೊಂದಲ ಇನ್ನಷ್ಟು ಹೆಚ್ಚಿತು. ಕಾರಣವಿದ್ದ ಈ ಇಬ್ಬರೂ ತಮ್ಮಷ್ಟಕ್ಕೆ ಗೊಣಗಿಕೊಳ್ಳುವವರು. ಮೇಜು ಕುಟ್ಟಿ ಕೂಗಾಡುತ್ತಿದ್ದದ್ದು ಮಾತ್ರ ಒಂದು ಸಾಲನ್ನೂ ಟೈಪ್ ಮಾಡಿರದ ಗುಮಾಸ್ತರು. ಅವರಿಗೆ ಏನು ಕಳೆದುಹೋಗಿತ್ತೋ, ದೇವರೇ ಬಲ್ಲ.

ಮುಂದಿನ ಮಳೆಗಾಲದ ಮೊದಲೇ ಶ್ರೀಕಂಠಯ್ಯನವರಿಗೆ ಮೈಸೂರಿಗೆ ವರ್ಗವಾಯಿತು. ಬೀಳ್ಕೊಡಲು ಬಸ್ ಸ್ಟ್ಯಾಂಡಿಗೆ ಹೋದಾಗ ನೋಡುತ್ತೇನೆ, ಪೊನ್ನಪ್ಪನವರು ಒಂದು ಚೀಲ ಕಿತ್ತಳೆ ಹಿಡಿದು ನಮಗಿಂತ ಮೊದಲೇ ಅಲ್ಲಿ ನಿಂತಿದ್ದಾರೆ. ಬಸ್ಸು ಹೊರಟಾಗ ಶ್ರೀಕಂಠಯ್ಯನವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು. "ಪೊನ್ನಪ್ಪನವರೇ, ನಮ್ಮದನ್ನ ಸ್ವಲ್ಪ ನೋಡ್ಕೊಳ್ಳಿ!"

"ನೀವು ಹೋಗಿ, ಹೋಗಿ" ಎಂದು ಇವರು ಕೈ ಬೀಸಿದರು.

ಮಾರನೆಯ ಬೆಳಗ್ಗೆ ನಾನು ಕಛೇರಿಗೆ ಬಂದಾಗ ಪೊನ್ನಪ್ಪನವರು ಕೋಟಿನ ತೋಳು ಮಡಚಿ ಬೂದಿಯದರ ಎದುರು ಕೂತಿದ್ದರು. ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದೇ ಅಚ್ಚನ್ನು ತಿಕ್ಕಿ, ಹಕ್ಕಿಯ ಗರಿಯ ತುದಿಯಿಂದ ಸಂದುಸಂದಿಗೆ ಎಣ್ಣೆ ಬಿಡುತ್ತಿದ್ದರು. ಕರಿಯದಕ್ಕೂ ಅಷ್ಟು ನಾಜೂಕಾಗಿ ಎಣ್ಣೆ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಸಂತೋಷ ತಡೆಯಲಾರದೆ, "ಒಂದು ಸಾಲು ಹೊಡೆದು ನೋಡಿ ಸಾರ್" ಎಂದೆ.

ಪೊನ್ನಪ್ಪನವರು ಬೆಚ್ಚಿಬಿದ್ದು ಕೈ ಹಿಂದೆ ತೆಗೆದುಕೊಂಡರು.

"ಇದ್ರಲ್ಲಾ? ಛೇ! ಇದೂ ಒಂದು ಮೆಷಿನ್ನಾ ಮಾರಾಯ್ತಿ?" ಎಂದು, ಗರಿಯನ್ನು ಮತ್ತೆ ಎಣ್ಣೆಗೆ ಅದ್ದಿದರು.